ಲಕ್ಷದ ಕಾಮಾ ಎಲ್ಲಿ ಬೀಳಬೇಕು?

ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ 640 ಚೀಲ ಭತ್ತ ಬಂದಿದೆ ಎಂದಿಟ್ಟುಕೊಳ್ಳಿ. ತುಂಗಭದ್ರಾ ಅಚ್ಚುಕಟ್ಟಿನ ಈ ಸೀಮೆಯಲ್ಲಿ ಭತ್ತದ ಚೀಲವೆಂದರೆ 75 ಕೆ.ಜಿ. ಒಟ್ಟು ತೂಕ 480 ಕ್ವಿಂಟಲ್. 2024–25ನೇ ಸಾಲಿಗೆ ಕೇಂದ್ರ ಸರ್ಕಾರ ‘ಎ’ ದರ್ಜೆಯ ಭತ್ತಕ್ಕೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,320. ಗುಮಾಸ್ತ ಎಕ್ಸೆಲ್ ಶೀಟಿನಲ್ಲಿ ಎರಡನ್ನೂ ಗುಣಿಸುತ್ತಾನೆ. ಸೆಲ್‌ನಲ್ಲಿ ಉತ್ತರ ಮೂಡುತ್ತದೆ: 1,113,600.

ಲೆಕ್ಕದಲ್ಲಿ ಒಂದು ಪೈಸೆಯ ತಪ್ಪಿಲ್ಲ. ಆದರೆ ಪಕ್ಕದಲ್ಲಿ ನಿಂತ ಸಾಹುಕಾರರಿಗೆ ಅದು ಎಷ್ಟು ಎಂಬುದು ತಟ್ಟನೆ ಹೊಳೆಯುವುದಿಲ್ಲ. ಪರದೆಯ ಮೇಲೆ ಬೆರಳಿಟ್ಟು ಬಲಗಡೆಯಿಂದ ಬಿಡಿ, ಹತ್ತು, ನೂರು, ಸಾವಿರ ಎಂದು ಎಣಿಸುತ್ತಾ ಹೋಗಬೇಕು. ಅದೇ ಅಂಕಿ 11,13,600 ಎಂದು ಕಂಡಿದ್ದರೆ ‘ಹನ್ನೊಂದು ಲಕ್ಷದ ಹದಿಮೂರು ಸಾವಿರದ ಆರುನೂರು’ ಎಂದು ಬಾಯಿ ತಾನಾಗಿ ಹೇಳುತ್ತಿತ್ತು. ಎರಡರಲ್ಲೂ ಇರುವುದು ಅವೇ ಏಳು ಅಂಕಿ, ಅವೇ ಎರಡು ಕಾಮಾ. ಒಂದು ಕಾಮಾ ಒಂದು ಮನೆ ಆಚೆ ಸರಿದಿದೆ, ಅಷ್ಟೆ.

ಈ ಒಂದು ಮನೆಯ ವ್ಯತ್ಯಾಸ ಬಳ್ಳಾರಿ ಜಿಲ್ಲೆಯ ದಲಾಲಿ ಅಂಗಡಿ, ಜೀನ್ಸ್ ಹೊಲಿಗೆ ಘಟಕ, ಆಡಿಟರ್ ಕಚೇರಿ, ಪಂಚಾಯಿತಿ, ಸ್ವಸಹಾಯ ಸಂಘಗಳಲ್ಲಿ ದಿನವೂ ಎದುರಾಗುತ್ತದೆ. ಕಿರ್ದಿ, ಖತಾವಣಿ ಪುಸ್ತಕಗಳ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬರೆಯುವ ಕೈಯೇ ಕಾಮಾ ಹಾಕುತ್ತಿತ್ತು, ಓದುವ ಕಣ್ಣಿಗೂ ಅದೇ ರೂಢಿ ಇತ್ತು. ಲೆಕ್ಕ ಕಂಪ್ಯೂಟರಿಗೆ ಬಂದ ಮೇಲೆ ಕಾಮಾ ಹಾಕುವ ಅಧಿಕಾರ ಯಂತ್ರಕ್ಕೆ ಹೋಯಿತು. ಯಂತ್ರ ತನ್ನನ್ನು ಯಾವ ದೇಶದ್ದೆಂದು ತಿಳಿದುಕೊಂಡಿದೆಯೋ ಆ ದೇಶದ ಪದ್ಧತಿಯಲ್ಲಿ ಕಾಮಾ ಹಾಕುತ್ತದೆ.

ನಮ್ಮ ಪದ್ಧತಿಯಲ್ಲಿ ಬಲಗಡೆಯ ಮೊದಲ ಮೂರು ಅಂಕಿಗಳು ಒಂದು ಗುಂಪು. ಆಮೇಲೆ ಎರಡೆರಡರ ಗುಂಪು. ಕಾಮಾ ಬೀಳುವ ಜಾಗವೂ ಹೆಸರು ಬದಲಾಗುವ ಜಾಗವೂ ಒಂದೇ: ಮೊದಲ ಕಾಮಾದ ಎಡಕ್ಕೆ ಸಾವಿರ, ಎರಡನೆಯದರ ಎಡಕ್ಕೆ ಲಕ್ಷ, ಮೂರನೆಯದರ ಎಡಕ್ಕೆ ಕೋಟಿ. ಓದುವುದು ಸುಲಭವಾಗುವುದು ಇದರಿಂದಲೇ. 2011ರ ಜನಗಣತಿಯಲ್ಲಿ, ವಿಜಯನಗರ ಜಿಲ್ಲೆ ಬೇರೆಯಾಗುವ ಮುಂಚಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 24,52,595. ಇದನ್ನು ‘ಎರಡೂವರೆ ಮಿಲಿಯನ್’ ಎಂದು ಹೇಳುವವರು ಜಿಲ್ಲೆಯ ಯಾವ ಮೂಲೆಯಲ್ಲೂ ಸಿಗಲಾರರು. ಬಳ್ಳಾರಿಯ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ; ಮೂರೂ ಲಕ್ಷ, ಕೋಟಿಗಳಲ್ಲೇ ವ್ಯವಹರಿಸುತ್ತವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದಾಗ ಗಡಿ ಬದಲಾಯಿತು, ಲೆಕ್ಕ ಹೇಳುವ ರೀತಿ ಬದಲಾಗಲಿಲ್ಲ. ಇಂದಿಗೂ ಸಿರುಗುಪ್ಪದ ವ್ಯಾಪಾರಿ ಆದೋನಿಯ ವ್ಯಾಪಾರಿಗೆ ಫೋನಿನಲ್ಲಿ ರೇಟು ಹೇಳಿದರೆ ಇಬ್ಬರ ಮನಸ್ಸಿನಲ್ಲೂ ಕಾಮಾ ಒಂದೇ ಕಡೆ ಬೀಳುತ್ತದೆ.

ಈ ನೆಲಕ್ಕೂ ದೊಡ್ಡ ಸಂಖ್ಯೆಗೂ ಹಳೆಯ ನಂಟು. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾದ ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಅವರು ಆಳಿದ ನಾಡನ್ನು ಶಾಸನಗಳು ‘ಬಳ್ಳಕುಂದೆ 300’ ಎಂದು ಕರೆಯುತ್ತವೆ. ಅದರ ಸುತ್ತಲಿನ ದೊಡ್ಡ ಪ್ರಾಂತ ನೊಳಂಬವಾಡಿ 32,000. ಆಚೆ ಬನವಾಸಿ 12,000, ಗಂಗವಾಡಿ 96,000. ರಾಷ್ಟ್ರಕೂಟರ, ಅವರ ನಂತರ ಚಾಲುಕ್ಯರ ನಾಡಾಗಿದ್ದ ರಟ್ಟಪಾಡಿಯನ್ನು ಶಾಸನಗಳು ಏಳೂವರೆ ಲಕ್ಷದ ನಾಡೆಂದೇ ಹೆಸರಿಸಿದವು. ಹೆಸರಿನ ಜೊತೆಗೇ ಸಂಖ್ಯೆ ಹೊತ್ತ ನಾಡುಗಳು ಇವು, ಮತ್ತು ಆ ಸಂಖ್ಯೆ ದೊಡ್ಡದಾದಾಗ ಅದನ್ನು ಅಳೆದ ಮಾತು ಲಕ್ಷ.

ಅದೇ ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಸ್ಥಾನಬೆಲೆಗಳಿಗೆ ಇಪ್ಪತ್ತನಾಲ್ಕು ಹೆಸರುಗಳಿವೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ ಎಂದು ಸಾಗಿ ಮಹಾಕ್ಷೋಭದಲ್ಲಿ ನಿಲ್ಲುವ ಪಟ್ಟಿ ಅದು. ಆತನ ಗ್ರಂಥ ಸಂಸ್ಕೃತದಲ್ಲಿದೆ. ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ 12ನೇ ಶತಮಾನದವನು, ಆತನ ಕೃತಿಯ ಹೆಸರು ‘ವ್ಯವಹಾರಗಣಿತ’. ಆಗ ಕಾಮಾ ಇರಲಿಲ್ಲ ನಿಜ. ಆದರೆ ಸಾವಿರದಿಂದ ಕೋಟಿಯವರೆಗೆ ಎರಡೆರಡು ಸ್ಥಾನಕ್ಕೊಮ್ಮೆ ಹೊಸ ಹೆಸರು ಹಿಡಿದು ಎಣಿಸುವ ಅಭ್ಯಾಸ ಆಗಲೇ ಗಟ್ಟಿಯಾಗಿತ್ತು. ಮುಂದೆ ಬಂದ ಕಾಮಾ ಆ ಹೆಸರುಗಳನ್ನು ಹುಡುಕಿಕೊಂಡು ಹೋಗಿ ಅಲ್ಲಲ್ಲೇ ಕೂತಿತು.

ಇನ್ನು ಯಂತ್ರದ ವಿಷಯ. ಎಕ್ಸೆಲ್ ಕಡತದ ಒಳಗೆ ಕಾಮಾ ಇರುವುದೇ ಇಲ್ಲ. ಅಲ್ಲಿರುವುದು 1113600 ಎಂಬ ಬರಿಯ ಬೆಲೆ, ಅದರ ಪಕ್ಕದಲ್ಲಿ ಅದನ್ನು ಹೇಗೆ ತೋರಿಸಬೇಕೆಂಬ ಒಂದು ಸೂಚನೆ. ಮೇಲಿನ ಪಟ್ಟಿಯಲ್ಲಿರುವ ಕಾಮಾ ಗುಂಡಿ ಒತ್ತಿದರೆ ಆ ಸೂಚನೆ ಹೆಚ್ಚು ಕಡಿಮೆ #,##0 ಎಂದಿರುತ್ತದೆ. ಇದನ್ನು ಕಂಡು ‘ಮೂರು ಅಂಕಿಗೊಮ್ಮೆ ಕಾಮಾ’ ಎಂದು ಎಕ್ಸೆಲ್ ಅರ್ಥ ಮಾಡಿಕೊಳ್ಳುವುದಿಲ್ಲ. ‘ಈ ಕಂಪ್ಯೂಟರಿನ ರೂಢಿಯಂತೆ ಗುಂಪು ಮಾಡು’ ಎಂದು ಅರ್ಥ ಮಾಡಿಕೊಳ್ಳುತ್ತದೆ. ರೂಢಿ ಯಾವುದೆಂದು ಅದು ವಿಂಡೋಸ್ ಅನ್ನು ಕೇಳುತ್ತದೆ. ಅಂಗಡಿಯಲ್ಲಿ ಬಿಡಿಭಾಗ ಕೂಡಿಸಿ ಕೊಟ್ಟ ಕಂಪ್ಯೂಟರ್‌ಗಳಲ್ಲಿ ಪ್ರದೇಶದ ಆಯ್ಕೆ ‘ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)’ ಎಂದೇ ಉಳಿದುಬಿಡುವುದು ತೀರಾ ಸಾಮಾನ್ಯ. ಹಾಗಾಗಿ ಸಿರುಗುಪ್ಪದ ಮೇಜಿನ ಮೇಲಿರುವ ಯಂತ್ರ ತಾನು ಅಮೆರಿಕದಲ್ಲಿದ್ದೇನೆ ಎಂದೇ ತಿಳಿದು ಭತ್ತದ ಲೆಕ್ಕ ತೋರಿಸುತ್ತದೆ.

ಸರಿಪಡಿಸಲು ಎರಡು ನಿಮಿಷ ಸಾಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ರೀಜನ್’ ತೆರೆದು, ಫಾರ್ಮ್ಯಾಟ್ ಎಂಬಲ್ಲಿ ‘ಇಂಗ್ಲಿಷ್ (ಇಂಡಿಯಾ)’ ಆರಿಸಿದರೆ ಆಯಿತು. ಅದೇ ಕಿಟಕಿಯ ‘ಅಡಿಷನಲ್ ಸೆಟ್ಟಿಂಗ್ಸ್’ ಒಳಗೆ ‘ಡಿಜಿಟ್ ಗ್ರೂಪಿಂಗ್’ ಎಂಬ ಸಾಲಿದೆ. ಅಲ್ಲಿ 12,34,56,789 ಎಂಬ ಮಾದರಿ ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಎಕ್ಸೆಲ್ ಮುಚ್ಚಿ ಮತ್ತೆ ತೆರೆದರೆ ಹಳೆಯ ಕಡತಗಳೂ ಸೇರಿ ಎಲ್ಲವೂ ಲಕ್ಷದ ಕಾಮಾದಲ್ಲಿ ಕಾಣುತ್ತವೆ. ಋಣ ಸಂಖ್ಯೆ, ಪೈಸೆ, ಕೋಟಿ ಎಲ್ಲಕ್ಕೂ ಇದೊಂದೇ ಮದ್ದು. ಇನ್ನೊಂದು ಲಾಭವೂ ಇದೆ. ಅಮೆರಿಕದ ರೂಢಿಯಲ್ಲಿರುವ ಯಂತ್ರ 03/07/2024 ಎಂದರೆ ಮಾರ್ಚ್ 7 ಎಂದು ತಿಳಿಯುತ್ತದೆ. ಬಿಲ್ ಬರೆದವರ ಲೆಕ್ಕದಲ್ಲಿ ಅದು ಜುಲೈ 3. ಬಾಕಿ ವಸೂಲಿಯ ದಿನ ಎಣಿಸುವವರಿಗೆ ಇದು ಕಾಮಾಕ್ಕಿಂತ ದೊಡ್ಡ ತೊಂದರೆ. ಪ್ರದೇಶ ಬದಲಿಸಿದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಆದರೆ ಹಳೆಯ ತಪ್ಪು ತಾರೀಖುಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ. ಅವನ್ನು ಒಂದೊಂದಾಗಿ ನೋಡಲೇಬೇಕು.

ತೊಡಕು ಶುರುವಾಗುವುದು ಕಡತ ಬೇರೆಯವರ ಕೈಗೆ ಹೋದಾಗ. ಸಿರುಗುಪ್ಪದಲ್ಲಿ 11,13,600 ಎಂದು ಕಂಡ ಸೆಲ್, ಬಳ್ಳಾರಿಯ ಆಡಿಟರ್ ಕಚೇರಿಯಲ್ಲಿ ಅಮೆರಿಕದ ರೂಢಿಯಲ್ಲೇ ಉಳಿದ ಯಂತ್ರದ ಮೇಲೆ 1,113,600 ಆಗುತ್ತದೆ. ಕಡತದಲ್ಲಿ ಯಾರೂ ಏನನ್ನೂ ಮುಟ್ಟಿಲ್ಲ, ಬೆಲೆ ಒಂದಿಷ್ಟೂ ಕದಲಿಲ್ಲ. ನೋಡುವ ಯಂತ್ರ ಬದಲಾಗಿದೆ ಅಷ್ಟೆ. ಪ್ರಿಂಟ್ ತೆಗೆದು ಕೊಟ್ಟರೆ ಎರಡು ಕಾಗದ ಎರಡು ಥರ. ಇದಕ್ಕೆ ಪರಿಹಾರವಾಗಿ ಲೆಕ್ಕಿಗರ ನಡುವೆ ಬಹಳ ವರ್ಷಗಳಿಂದ ಕೈಯಿಂದ ಕೈಗೆ ದಾಟಿಬಂದಿರುವ ಒಂದು ಸೂತ್ರವಿದೆ. ಸೆಲ್ ಆರಿಸಿ, ಕಂಟ್ರೋಲ್ ಕೀಲಿಯ ಜೊತೆ 1 ಒತ್ತಿ, ‘ಕಸ್ಟಮ್’ ಎಂಬಲ್ಲಿ ಇದನ್ನು ಬರೆಯಬೇಕು:

[>=10000000]##\,##\,##\,##0;[>=100000]##\,##\,##0;##,##0

ನೋಡಲು ಗೋಜಲು ಎನಿಸಿದರೂ ಒಳಗಿರುವ ಮಾತು ಸರಳ. ಅರ್ಧವಿರಾಮ ಚಿಹ್ನೆಗಳು ಸೂತ್ರವನ್ನು ಮೂರು ತುಂಡು ಮಾಡುತ್ತವೆ. ಮೊದಲ ತುಂಡು ಹೇಳುವುದು: ಸಂಖ್ಯೆ ಒಂದು ಕೋಟಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೀಗೆ ತೋರಿಸು. ಎರಡನೆಯದು: ಅಲ್ಲದಿದ್ದರೆ, ಒಂದು ಲಕ್ಷ ಮುಟ್ಟಿದ್ದರೆ ಹೀಗೆ. ಮೂರನೆಯದು: ಉಳಿದದ್ದೆಲ್ಲ ಹೀಗೆ. ಕಾಮಾದ ಹಿಂದಿರುವ ಓರೆಗೆರೆಯೇ ಇಲ್ಲಿನ ಜೀವಾಳ. ‘ಇದನ್ನು ಗುಂಪಿನ ಸೂಚನೆ ಎಂದುಕೊಳ್ಳಬೇಡ, ಅಕ್ಷರದಂತೆ ಇದ್ದಲ್ಲೇ ಅಚ್ಚು ಹಾಕು’ ಎಂದು ಅದು ಎಕ್ಸೆಲ್‌ಗೆ ಹೇಳುತ್ತದೆ. ಹಾಗಾಗಿ ಯಂತ್ರ ಯಾವ ದೇಶದ ರೂಢಿಯಲ್ಲಿದ್ದರೂ ಕಾಮಾ ಲಕ್ಷದ ಜಾಗದಲ್ಲೇ ಬೀಳುತ್ತದೆ. ರೂಪಾಯಿ ಚಿಹ್ನೆ ಬೇಕಿದ್ದವರು ಪ್ರತಿ ತುಂಡಿನ ಚೌಕ ಆವರಣದ ನಂತರ, ಮೂರನೆಯದಕ್ಕೆ ಆರಂಭದಲ್ಲೇ, "₹" ಸೇರಿಸಿಕೊಳ್ಳುತ್ತಾರೆ. ಉದಯ ಕುಮಾರ್ ವಿನ್ಯಾಸ ಮಾಡಿದ ಈ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದು 2010ರ ಜುಲೈನಲ್ಲಿ. ಅದೇ ವರ್ಷ ಅದು ಯುನಿಕೋಡ್ ಸೇರಿತು. ಚಿಹ್ನೆ ಬಂದಷ್ಟು ಬೇಗ ಅದರ ಪಕ್ಕದ ಕಾಮಾಗಳು ನಮ್ಮ ಕಂಪ್ಯೂಟರ್‌ಗಳಲ್ಲಿ ಸರಿಹೋಗಲಿಲ್ಲ.

ಸೂತ್ರಕ್ಕೆ ಮಿತಿಗಳಿವೆ. ಅವನ್ನು ಅರಿಯದೆ ಬಳಸಿದರೆ ಪೆಟ್ಟು ತಪ್ಪದು. ಎಕ್ಸೆಲ್ ಇಂಥ ಸೂತ್ರದಲ್ಲಿ ಎರಡೇ ಷರತ್ತುಗಳನ್ನು ಒಪ್ಪುತ್ತದೆ. ಲಕ್ಷ, ಕೋಟಿಗಳಿಗೆ ಎರಡೂ ಖರ್ಚಾದ ಮೇಲೆ ಋಣ ಸಂಖ್ಯೆಗೆ ಜಾಗ ಉಳಿಯುವುದಿಲ್ಲ. ಗಿರಣಿ ಬ್ಯಾಂಕಿಗೆ ₹12,34,567 ಕೊಡಬೇಕಿದ್ದು ಅದು ಋಣವಾಗಿ ನಮೂದಾಗಿದ್ದರೆ ಮೂರನೆಯ ತುಂಡಿಗೆ ಬಿದ್ದು, ಅಮೆರಿಕದ ರೂಢಿಯ ಯಂತ್ರದಲ್ಲಿ -1,234,567 ಎಂದು ಕಾಣುತ್ತದೆ. ಒಂದೇ ಕಾಲಮಿನಲ್ಲಿ ಜಮೆ ಒಂದು ಪದ್ಧತಿ, ಬಾಕಿ ಇನ್ನೊಂದು ಪದ್ಧತಿ. ಇದನ್ನು ಸರಿಪಡಿಸಲು ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಋಣ ಸಂಖ್ಯೆಗಳಿಗೆಂದೇ ಬೇರೆ ನಿಯಮ ಬರೆಯಬೇಕಾಗುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಸಂದರ್ಭವಿದೆ. ಸೆಲ್‌ನಲ್ಲಿ 99999.60 ಇದೆ ಎನ್ನಿ. ಅದು ಲಕ್ಷಕ್ಕೆ ನಲವತ್ತು ಪೈಸೆ ಕಡಿಮೆ, ಆದ್ದರಿಂದ ಮೂರನೆಯ ತುಂಡಿನ ಪಾಲು. ಪೈಸೆ ತೋರಿಸಬೇಡ ಎಂದು ಹೇಳಿರುವುದರಿಂದ ಎಕ್ಸೆಲ್ ಅದನ್ನು ಹತ್ತಿರದ ರೂಪಾಯಿಗೆ ಏರಿಸಿ, ಅಮೆರಿಕದ ರೂಢಿಯ ಯಂತ್ರದಲ್ಲಿ 100,000 ಎಂದು ತೋರಿಸುತ್ತದೆ. ಎಲ್ಲೆಡೆ ಲಕ್ಷದ ಕಾಮಾ ಇರುವ ಹಾಳೆಯಲ್ಲಿ ಇದೊಂದು ಮಾತ್ರ ಬೇರೆ ನಾಡಿನಿಂದ ಬಂದಂತೆ ನಿಂತಿರುತ್ತದೆ. ಅಪರೂಪದ ಸಂದರ್ಭವೇ ಇರಬಹುದು, ಆದರೆ ತಿಂಗಳಿಗೆ ಸಾವಿರಾರು ಸಾಲು ತುಂಬುವ ಲೆಕ್ಕಿಗನಿಗೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಕಂಪ್ಯೂಟರಿನ ಪ್ರದೇಶವನ್ನೇ ಬದಲಿಸುವುದು ಮೊದಲ ಕೆಲಸ, ಸೂತ್ರ ಎರಡನೆಯದು ಎಂದು ಹೇಳುವುದು ಇದಕ್ಕೇ.

ಬಳ್ಳಾರಿಯ ಜೀನ್ಸ್ ಘಟಕಗಳ ಲೆಕ್ಕಕ್ಕೆ ಬಂದರೆ ಬೇಡಿಕೆ ಬೇರೆ. ಒಂದು ಸಲದ ಆರ್ಡರ್ 7,500 ಪ್ಯಾಂಟು, ಒಂದಕ್ಕೆ ₹310 ಎಂದಿಟ್ಟುಕೊಂಡರೆ 23,25,000. ಇಂಥ ಹತ್ತಾರು ಆರ್ಡರ್‌ಗಳ ಪಟ್ಟಿಯಲ್ಲಿ ಮಾಲೀಕರಿಗೆ ಬೇಕಾದದ್ದು ‘23.25 ಲಕ್ಷ’ ಎಂಬ ಚಿಕ್ಕ ರೂಪ. ಮಿಲಿಯನ್‌ಗೆ ಎಕ್ಸೆಲ್‌ನಲ್ಲಿ ಸಿದ್ಧ ದಾರಿಯಿದೆ: ಸೂತ್ರದ ಕೊನೆಗೆ ಇಡುವ ಒಂದೊಂದು ಕಾಮಾ ಸಂಖ್ಯೆಯನ್ನು ಸಾವಿರದಿಂದ ಭಾಗಿಸಿ ತೋರಿಸುತ್ತದೆ, ಎರಡು ಕಾಮಾ ಇಟ್ಟರೆ ಮಿಲಿಯನ್. ಲಕ್ಷಕ್ಕೆ ಅಂಥ ದಾರಿ ಇಲ್ಲ. ಸಾವಿರವನ್ನು ಸಾವಿರದಿಂದ ಎಷ್ಟು ಸಲ ಗುಣಿಸಿದರೂ ಲಕ್ಷ ಬರುವುದಿಲ್ಲ. ಆದರೂ ಲೆಕ್ಕಿಗರು ಒಂದು ಉಪಾಯ ಕಂಡುಕೊಂಡಿದ್ದಾರೆ: 0\.00, ಎಂಬ ಸೂತ್ರ. ಕೊನೆಯ ಕಾಮಾ 23,25,000ವನ್ನು 2325 ಮಾಡುತ್ತದೆ. ಓರೆಗೆರೆಯ ಜೊತೆ ಬಂದ ಚುಕ್ಕಿ ಕೊನೆಯ ಎರಡು ಅಂಕಿಗಳ ಮುಂದೆ ಸುಮ್ಮನೆ ಅಚ್ಚಾಗುತ್ತದೆ. ಕಣ್ಣಿಗೆ ಕಾಣುವುದು 23.25. ಅದು ದಶಾಂಶ ಬಿಂದುವೇ ಅಲ್ಲ, ಆದರೆ ಬಿಂದು ಇರಬೇಕಾದ ಜಾಗದಲ್ಲೇ ಇದೆ. 45,000 ಇದ್ದರೆ 0.45 ಎಂದು ಸರಿಯಾಗಿಯೇ ಬರುತ್ತದೆ. ಕೋಟಿಗೆ 0\.0,, ಎಂದು ಬರೆದರೆ ಒಂದು ದಶಾಂಶದವರೆಗೆ ತೋರಿಸಬಹುದು. ಒಳಗಿನ ಬೆಲೆ ಪೂರ್ತಿಯಾಗಿ ಉಳಿದಿರುವುದರಿಂದ ಮೊತ್ತ ಹಾಕುವಾಗ ಒಂದು ರೂಪಾಯಿಯೂ ಕಳೆದುಹೋಗುವುದಿಲ್ಲ. ಕಾಲಮಿನ ನೆತ್ತಿಯ ಮೇಲೆ ‘₹ ಲಕ್ಷಗಳಲ್ಲಿ’ ಎಂದು ಬರೆಯುವುದನ್ನು ಮಾತ್ರ ಮರೆಯಬಾರದು.

ಹೀಗೆ ಲಕ್ಷ, ಕೋಟಿಗಳಲ್ಲಿ ಲೆಕ್ಕ ಕೊಡುವುದು ಊರ ಕಡೆಯ ರೂಢಿ, ದೊಡ್ಡವರದು ಮಿಲಿಯನ್ ಎಂಬ ಭಾವನೆ ಕೆಲವರಲ್ಲಿದೆ. ಅದು ತಪ್ಪು. 2013ರ ಕಂಪನಿಗಳ ಕಾಯ್ದೆಯ ಮೂರನೇ ಪರಿಶಿಷ್ಟವೇ ಲೆಕ್ಕಪತ್ರದ ಅಂಕಿಗಳನ್ನು ಲಕ್ಷ, ಮಿಲಿಯನ್, ಕೋಟಿಗಳಿಗೆ ಪೂರ್ಣಗೊಳಿಸಿ ತೋರಿಸಲು ಅವಕಾಶ ಕೊಟ್ಟಿದೆ. ಲಕ್ಷ, ಕೋಟಿಗಳು ಈ ದೇಶದ ಕಾನೂನಿನ ಅಳತೆಗಳು.

ಕುರುಗೋಡಿನ ಕಡೆಯ ಒಣಮೆಣಸಿನಕಾಯಿ ಬೆಳೆಗಾರರ ಲೆಕ್ಕದಲ್ಲಿ ಬೇರೊಂದು ಅಪಾಯ ಕಾದಿರುತ್ತದೆ. 85 ಕ್ವಿಂಟಲ್ ಮೆಣಸಿನಕಾಯಿ, ಕ್ವಿಂಟಲ್‌ಗೆ ₹14,500 ಎಂದಿಟ್ಟುಕೊಳ್ಳಿ. ಪಟ್ಟಿಯ ಮೊತ್ತ 12,32,500. ಬೆಳೆಗಾರರ ಗುಂಪೊಂದು ಸದಸ್ಯರ ಮಾರಾಟದ ವಿವರಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಸಿಎಸ್‌ವಿ ಕಡತ ಮಾಡಿಕೊಳ್ಳುತ್ತದೆ. ಆ ಬಗೆಯ ಕಡತದಲ್ಲಿ ಒಂದು ಕಾಲಮನ್ನೂ ಮುಂದಿನದನ್ನೂ ಬೇರ್ಪಡಿಸುವ ಗೆರೆಯೇ ಕಾಮಾ. ಮೊತ್ತವನ್ನು ಉದ್ಧರಣ ಚಿಹ್ನೆಯೊಳಗೆ ಇಡದೆ ಕಾಮಾ ಸಮೇತ ಕಳಿಸಿದರೆ ಅತ್ತ ತೆರೆದವರಿಗೆ 12 ಒಂದು ಸೆಲ್‌ನಲ್ಲಿ, 32 ಇನ್ನೊಂದರಲ್ಲಿ, 500 ಮತ್ತೊಂದರಲ್ಲಿ ಸಿಗುತ್ತದೆ. ಹನ್ನೆರಡು ಲಕ್ಷದ ಬೆಳೆ ಹನ್ನೆರಡು ರೂಪಾಯಿಯಾಗಿ ಕೂತಿರುತ್ತದೆ, ಅದರ ಬಲಕ್ಕಿರುವ ತಾರೀಖು, ಖಾತೆ ಸಂಖ್ಯೆಗಳೆಲ್ಲ ಎರಡೆರಡು ಮನೆ ಜರುಗಿರುತ್ತವೆ. ಅದಕ್ಕೇ ಅನುಭವಿಗಳು ಸೆಲ್‌ನಲ್ಲಿ ಬರಿಯ ಅಂಕಿ ಒತ್ತಿ, ಕಾಮಾ ಹಾಕುವ ಕೆಲಸವನ್ನು ತೋರಿಕೆಯ ಸೂಚನೆಗೆ ಬಿಡುತ್ತಾರೆ. ಸಾಗಿಸುವ ಮುನ್ನ ಆ ಸೂಚನೆಯನ್ನೂ ತೆಗೆದುಬಿಡುತ್ತಾರೆ. ಕಾಮಾ ಮನುಷ್ಯರ ಕಣ್ಣಿಗೆ ಬೇಕು, ಯಂತ್ರದಿಂದ ಯಂತ್ರಕ್ಕೆ ಹೋಗುವಾಗ ಬೇಡ.

ಅಂಕಿಯ ಆಕಾರದ ಪ್ರಶ್ನೆ ಇದರಿಂದ ಬೇರೆ. ನುಡಿ ತಂತ್ರಾಂಶದ ಕೆಲವು ಅಕ್ಷರಶೈಲಿಗಳಲ್ಲಿ 1, 2, 3 ಒತ್ತಿದರೆ ೧, ೨, ೩ ಎಂದು ಕಾಣುತ್ತದೆ. ಒಳಗಿನ ಬೆಲೆ ಹಾಗೇ ಇರುವುದರಿಂದ ಕೂಡಿಸಿದರೆ ಮೊತ್ತ ಸರಿಯಾಗಿಯೇ ಬರುತ್ತದೆ. ಆದರೆ ಯಂತ್ರ ಅಮೆರಿಕದ ರೂಢಿಯಲ್ಲಿದ್ದರೆ ಅದೂ ೧,೧೧೩,೬೦೦ ಎಂದೇ ತೋರುತ್ತದೆ. ಕನ್ನಡ ಅಂಕಿ ತೊಟ್ಟ ಮಾತ್ರಕ್ಕೆ ಲಕ್ಷದ ಗುಂಪು ಬಂದುಬಿಡುವುದಿಲ್ಲ.

ಮೊತ್ತವನ್ನು ಅಕ್ಷರಗಳಲ್ಲಿ ಬರೆಯುವುದು ಇನ್ನೊಂದು ತಲೆನೋವು. ಚೆಕ್ಕು, ರಸೀದಿ, ಬಿಲ್ಲು ಎಲ್ಲಕ್ಕೂ ‘ಅಕ್ಷರಗಳಲ್ಲಿ’ ಎಂಬ ಸಾಲಿರುತ್ತದೆ. ಥಾಯ್ಲೆಂಡಿನ ಹಣವನ್ನು ಥಾಯ್ ಭಾಷೆಯ ಮಾತಿನಲ್ಲಿ ಬರೆದುಕೊಡುವ ‘ಬಾತ್‌ಟೆಕ್ಸ್ಟ್’ ಎಂಬ ಸೌಲಭ್ಯ ಎಕ್ಸೆಲ್‌ನಲ್ಲೇ ಇದೆ. ರೂಪಾಯಿಗೆ ಅಂಥದ್ದಿಲ್ಲ. ಮೈಕ್ರೋಸಾಫ್ಟ್ ತನ್ನ ಸಹಾಯ ಪುಟದಲ್ಲಿ ಕೊಟ್ಟಿರುವ ‘ಸ್ಪೆಲ್‌ನಂಬರ್’ ಎಂಬ ಮಾದರಿ ಮ್ಯಾಕ್ರೋ ಡಾಲರ್, ಮಿಲಿಯನ್, ಬಿಲಿಯನ್‌ಗಳಲ್ಲಿ ಮಾತಾಡುತ್ತದೆ. ಹಾಗಾಗಿ ಭಾರತದ ಲೆಕ್ಕಿಗರು ಅದನ್ನೇ ಬಿಚ್ಚಿ, ಮೂರರ ಗುಂಪು ಒಡೆದು, ಲಕ್ಷ ಕೋಟಿ ಬರುವಂತೆ ಮತ್ತೆ ಹೊಲಿದುಕೊಂಡಿದ್ದಾರೆ. ಕೇಂದ್ರ ಸರ್ಕಾರದ ಇ-ಟೆಂಡರ್‌ಗಳಲ್ಲಿ ಗುತ್ತಿಗೆದಾರರು ದರ ತುಂಬುವ ಎಕ್ಸೆಲ್ ಹಾಳೆಯ ಒಳಗೂ ಇಂಥದ್ದೇ ಮ್ಯಾಕ್ರೋ ಇದೆ. ಅಂಕಿ ತುಂಬುತ್ತಿದ್ದಂತೆ ಪಕ್ಕದಲ್ಲಿ ಲಕ್ಷ, ಕೋಟಿಗಳಲ್ಲಿ ಇಂಗ್ಲಿಷ್ ಮಾತು ಮೂಡುತ್ತದೆ. ಕೋಟಿಗಟ್ಟಲೆಯ ಕಾಮಗಾರಿಗೆ ದರ ಹಾಕುವಾಗ ಒಂದು ಸೊನ್ನೆ ಹೆಚ್ಚೋ ಕಡಿಮೆಯೋ ಆಗಿದ್ದರೆ ಕಣ್ಣಿಗೆ ಬೀಳುವುದು ಆ ಸಾಲಿನಿಂದಲೇ.

ಕೋಟಿಯ ಆಚೆಗೆ ಹೋದರೆ ನಮ್ಮ ಪದ್ಧತಿಯೊಳಗೇ ಒಂದು ಬಿಡಿಸದ ಗಂಟಿದೆ. 2025–26ನೇ ಸಾಲಿನ ಕರ್ನಾಟಕ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ನಾಲ್ಕು ಲಕ್ಷದ ಒಂಬತ್ತು ಸಾವಿರದ ಐನೂರ ನಲವತ್ತೊಂಬತ್ತು ಕೋಟಿ ಎಂದು ಓದುತ್ತೇವೆ; ಕೋಟಿ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಸಾವಿರ, ಲಕ್ಷ ಎಂದು ಎಣಿಸುತ್ತೇವೆ. ಇದನ್ನು ಪೂರ್ತಿ ಅಂಕಿಗಳಲ್ಲಿ ಬರೆದು ಭಾರತದ ರೂಢಿಯ ಯಂತ್ರದ ಮುಂದಿಟ್ಟರೆ ಅದು 40,95,49,00,00,000 ಎನ್ನುತ್ತದೆ. ಎರಡೆರಡರ ನಿಯಮವನ್ನು ಯಂತ್ರ ಚಾಚೂ ತಪ್ಪದೆ ಪಾಲಿಸಿದೆ, ಆದರೆ ಕಾಮಾಗಳು ನಮ್ಮ ಮಾತಿನ ಜಾಗದಲ್ಲಿ ಬಿದ್ದಿಲ್ಲ. ಮಾತಿಗೆ ಹೊಂದಬೇಕಿದ್ದರೆ 4,09,549,00,00,000 ಎಂದಿರಬೇಕಿತ್ತು. ಮೇಲೆ ಹೇಳಿದ ಸೂತ್ರವೋ ಇದನ್ನು 409549,00,00,000 ಎಂದು ತೋರಿಸಿ ಕೈತೊಳೆದುಕೊಳ್ಳುತ್ತದೆ. ಮಹಾವೀರಾಚಾರ್ಯನ ಅರ್ಬುದ, ಖರ್ವಗಳು ದಿನಬಳಕೆಯಲ್ಲಿ ಉಳಿದಿದ್ದರೆ ಕೋಟಿಯ ಆಚೆಗೂ ಹೇಳಲು ಹೆಸರುಗಳಾದರೂ ಇರುತ್ತಿದ್ದವು. ಈಗಂತೂ ಅಷ್ಟು ದೊಡ್ಡ ಮೊತ್ತಗಳನ್ನು ಕೋಟಿಯಿಂದ ಭಾಗಿಸಿ, ‘ಕೋಟಿಗಳಲ್ಲಿ’ ಎಂದು ತಲೆಬರಹ ಕೊಟ್ಟು ಬರೆಯುವುದೇ ವಿವೇಕದ ದಾರಿ. ಬಜೆಟ್ ಪುಸ್ತಕಗಳೂ ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳೂ ಮಾಡುವುದು ಅದನ್ನೇ.

ಉಳಿದ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಣ ಕೊಡದೆ ಸಿಗುವ ಲಿಬ್ರೆಆಫೀಸ್‌ನಲ್ಲಿ ಸೆಲ್‌ನ ಭಾಷೆಯನ್ನು ‘ಇಂಗ್ಲಿಷ್ (ಇಂಡಿಯಾ)’ ಎಂದು ಆರಿಸಿದರೆ ಲಕ್ಷದ ಗುಂಪು ಬರುತ್ತದೆ, ಮತ್ತು ಆ ಆಯ್ಕೆ ಕಡತದ ಜೊತೆಗೇ ಹೋಗುತ್ತದೆ. ಈ ಒಂದು ವಿಷಯದಲ್ಲಿ ಅದು ಎಕ್ಸೆಲ್‌ಗಿಂತ ಮೇಲು. ಗೂಗಲ್ ಶೀಟ್ಸ್‌ನಲ್ಲಿ ಮೇಲಿನ ಮೂರು ತುಂಡಿನ ಸೂತ್ರ ಹಾಗೆಯೇ ನಡೆಯುತ್ತದೆ. 1986ರಲ್ಲಿ ಶುರುವಾದ, ಬೆಂಗಳೂರಿನ ಟ್ಯಾಲಿಯಂತೂ ಇಲ್ಲಿನ ವ್ಯಾಪಾರಿಗಳಿಗೆಂದೇ ಬೆಳೆದದ್ದು. ಅದರಲ್ಲಿ ಲಕ್ಷವೇ ಮೊದಲ ಆಯ್ಕೆ. ಮಿಲಿಯನ್ ಬೇಕಾದವರು ಕರೆನ್ಸಿ ವಿವರದಲ್ಲಿ ಬೇರೆಯಾಗಿ ಕೇಳಿಕೊಳ್ಳಬೇಕು.

ಮೂರರ ಗುಂಪೇ ಲೋಕದ ಕ್ರಮ, ನಮ್ಮದೊಂದು ಅಪವಾದ ಎಂದು ಕೊರಗಬೇಕಾಗಿಯೂ ಇಲ್ಲ. ಜರ್ಮನಿಯಲ್ಲಿ ಗುಂಪಿನ ನಡುವೆ ಚುಕ್ಕಿ, ಪೈಸೆಯ ಮುಂದೆ ಕಾಮಾ. ಸ್ವಿಟ್ಜರ್ಲೆಂಡಿನಲ್ಲಿ ಮೇಲುಗಡೆ ಒಂದು ಕೊಕ್ಕೆ. ಫ್ರಾನ್ಸಿನಲ್ಲಿ ಖಾಲಿ ಜಾಗ. ಅಳತೆ ಮಾನಗಳ ಅಂತರರಾಷ್ಟ್ರೀಯ ಮಹಾಸಭೆ 2003ರಲ್ಲಿ ವಿಜ್ಞಾನದ ಬರಹಕ್ಕೆ ಮೂರರ ಗುಂಪು, ನಡುವೆ ಖಾಲಿ ಜಾಗ ಎಂದಿತು. ಕಾಮಾವನ್ನೂ ಚುಕ್ಕಿಯನ್ನೂ ಹಾಕಬಾರದು ಎಂದಿತು. ಅದು ಪ್ರಯೋಗಶಾಲೆಯ ಮಾತಾಯಿತು. ಪೇಟೆಯ ಲೆಕ್ಕದಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಭೂತಾನಗಳ ಜನ ಲಕ್ಷದಲ್ಲೇ ಎಣಿಸುತ್ತಾರೆ. ನೂರೈವತ್ತು ಕೋಟಿಗೂ ಹೆಚ್ಚು ಜನರ ಪದ್ಧತಿ ಅಪವಾದ ಹೇಗಾದೀತು?

ಕನ್ನಡಿಗರು ನಿಜವಾಗಿ ಚಿಂತಿಸಬೇಕಾದ ಸಂಗತಿ ಬೇರೆಯಿದೆ. ಫೋನು, ಬ್ರೌಸರ್ ಮತ್ತು ಅನೇಕ ತಂತ್ರಾಂಶಗಳು ಯಾವ ಭಾಷೆಯಲ್ಲಿ ಅಂಕಿ, ತಾರೀಖು, ಹಣವನ್ನು ಹೇಗೆ ಬರೆಯಬೇಕೆಂದು ತಿಳಿಯಲು ಯುನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಒಂದೇ ಭಂಡಾರವನ್ನು ನೋಡುತ್ತವೆ. ಅದರಲ್ಲಿ ಹಿಂದಿ, ತೆಲುಗು, ತಮಿಳು, ಮಲಯಾಳ ಭಾಷೆಗಳಿಗೂ ಭಾರತದ ಇಂಗ್ಲಿಷಿಗೂ ಲಕ್ಷದ ಗುಂಪು ದಾಖಲಾಗಿದೆ. ಕನ್ನಡಕ್ಕೆ ಮಾತ್ರ ಹಲವು ವರ್ಷಗಳ ಕಾಲ ಹೊರಬಂದ ಆವೃತ್ತಿಗಳಲ್ಲಿ ಮೂರರ ಗುಂಪೇ ಇತ್ತು. ದೊಡ್ಡ ಸಂಖ್ಯೆಗಳ ಚಿಕ್ಕ ರೂಪಕ್ಕೆ ‘ಸಾವಿರ’ದ ನಂತರ ನೇರವಾಗಿ ‘ಮಿಲಿಯನ್’, ‘ಬಿಲಿಯನ್’ ಎಂದೇ ದಾಖಲಾಗಿತ್ತು. ಅಂದರೆ ಬಳ್ಳಾರಿಯ ಹುಡುಗನೊಬ್ಬ ಅಭಿಮಾನದಿಂದ ತನ್ನ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೆ, ಈ ದತ್ತಾಂಶ ನಂಬಿದ ಆ್ಯಪ್‌ಗಳಲ್ಲಿ ಅವನಿಗೆ ಲಕ್ಷ ಕಳೆದುಹೋಗುತ್ತಿತ್ತು. ಇಂಗ್ಲಿಷಿನಲ್ಲೇ ಬಿಟ್ಟಿದ್ದರೆ ಲಕ್ಷ ಸಿಗುತ್ತಿತ್ತು. ಎಕ್ಸೆಲ್ ಬಳಸುವವರಿಗೆ ಈಗಲೂ ‘ಇಂಗ್ಲಿಷ್ (ಇಂಡಿಯಾ)’ ಆರಿಸಿ ಎಂದು ಸಲಹೆ ಕೊಡಬೇಕಾಗಿ ಬಂದಿರುವುದು, ‘ಕನ್ನಡ’ ಆರಿಸಿ ಎಂದು ಧೈರ್ಯವಾಗಿ ಹೇಳಲಾಗದಿರುವುದು, ಮನಸ್ಸಿಗೆ ಚುಚ್ಚುವ ಮಾತು.

ಈ ಭಂಡಾರ ಯಾರ ಸ್ವತ್ತೂ ಅಲ್ಲ. ನಿಗದಿತ ಅವಧಿಯಲ್ಲಿ ಒಕ್ಕೂಟ ಅದನ್ನು ತಿದ್ದಲು ತೆರೆಯುತ್ತದೆ. ಭಾಷೆ ಬಲ್ಲವರು ಖಾತೆ ಪಡೆದು ಸಲಹೆ ಸೇರಿಸಬಹುದು, ಮತ ಹಾಕಬಹುದು, ಆಧಾರ ಕೊಡಬಹುದು. ಬೇರೆ ಸಮಯದಲ್ಲೂ ದೋಷ ದೂರು ದಾಖಲಿಸಲು ಅವಕಾಶವಿದೆ. ಆಧಾರಕ್ಕೆ ಕೊರತೆಯೇನಿಲ್ಲ: ಶಾಲೆಯ ಗಣಿತ ಪುಸ್ತಕ, ವಿಧಾನಸಭೆಯಲ್ಲಿ ಮಂಡನೆಯಾಗುವ ಬಜೆಟ್, ದಿನಪತ್ರಿಕೆಯ ಪೇಟೆ ಧಾರಣೆ ಎಲ್ಲವೂ ಲಕ್ಷದಲ್ಲೇ ಇವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಕನ್ನಡ ಅಭಿವೃದ್ಧಿ ಪ್ರಾಧಿಕಾರಗಳು ಒಂದು ಪುಟದ ಟಿಪ್ಪಣಿ ಬರೆದು ಬೆನ್ನಿಗೆ ನಿಂತರೆ ಮಾತಿಗೆ ತೂಕ ಬರುತ್ತದೆ. ತಿದ್ದುಪಡಿ ಒಮ್ಮೆ ಒಪ್ಪಿಗೆಯಾದರೆ ಮುಂದಿನ ಆವೃತ್ತಿಯ ಜೊತೆ ಅದು ಫೋನುಗಳಿಗೂ ಬ್ರೌಸರ್‌ಗಳಿಗೂ ತಾನಾಗಿ ತಲುಪುತ್ತದೆ. ಕನ್ನಡದ ಸಾಲಿನಲ್ಲಿ #,##0 ಎಂದಿದ್ದುದು #,##,##0 ಎಂದಾಗಬೇಕು: ಹೊಸದಾಗಿ ಸೇರುವುದು ಮೂರೇ ಚಿಹ್ನೆ.